ಬಸುರಿನಲ್ಲಿ ಮಲೆನಾಡಿನ ಕಾರು ಪ್ರವಾಸ: ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗಿಬರಲು ಸಮಗ್ರ ಮಾರ್ಗದರ್ಶಿ

ಗರ್ಭಿಣಿಯೊಂದಿಗೆ ಹೊರಟ ಪ್ರವಾಸಗಳು ಅರ್ಧಕ್ಕೆ ನಿಲ್ಲುವುದು, ಇಲ್ಲವೇ ವಾಂತಿ, ಸೊಂಟನೋವು, ಆತಂಕಗಳಲ್ಲೇ ಮುಗಿಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಸಿದ್ಧತೆಯ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಹೋಂಸ್ಟೇ ಬುಕ್ ಆಗುತ್ತದೆ, ಅದಕ್ಕೆ ತಕ್ಕಂತೆ ರಜೆ ಹೊಂದಿಸಿಕೊಳ್ಳುತ್ತಾರೆ, ನೋಡಬೇಕಾದ ಜಾಗಗಳ ಪಟ್ಟಿ ಬೆಳೆಯುತ್ತದೆ, ಹೊರಡುವ ಹಿಂದಿನ ದಿನ ವೈದ್ಯರಿಗೆ ಫೋನ್ ಮಾಡಿ ‘ಹೋಗಿಬರಬಹುದಲ್ವಾ ಡಾಕ್ಟರೇ’ ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ಮುಂಗಡ ಕಟ್ಟಿಯಾಗಿರುವುದರಿಂದ ‘ಬೇಡ’ ಎಂಬ ಉತ್ತರವನ್ನು ಕೇಳಿಸಿಕೊಳ್ಳುವ ಮನಸ್ಸು ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಮೊದಲು ವೈದ್ಯರ ಒಪ್ಪಿಗೆ, ನಂತರ ಹೊರಡುವ ವಾರ, ಅನಂತರ ಆಸ್ಪತ್ರೆ, ಆ ಆಸ್ಪತ್ರೆಗೆ ಸಮೀಪದ ವಸತಿ, ವಸತಿಗೆ ಸೇರುವ ದಾರಿ, ಎಲ್ಲಕ್ಕಿಂತ ಕೊನೆಗೆ ನೋಡುವ ಜಾಗಗಳು: ಈ ಕ್ರಮದಲ್ಲಿ ಹೋದರೆ ಬಹುಪಾಲು ತೊಂದರೆಗಳು ಮನೆ ಬಿಡುವ ಮೊದಲೇ ಬಗೆಹರಿಯುತ್ತವೆ.

ಇಲ್ಲಿ ಬೆಂಗಳೂರು, ಹಾಸನ, ಬೇಲೂರು, ಚಿಕ್ಕಮಗಳೂರು ಮಾರ್ಗವನ್ನು ಆಯ್ದುಕೊಂಡಿದ್ದೇನೆ. ಮಲೆನಾಡಿನ ಸೊಬಗನ್ನು ನೋಡಬಯಸುವ ಗರ್ಭಿಣಿಗೆ ಇದಕ್ಕಿಂತ ಅನುಕೂಲದ ದಾರಿ ಕಡಿಮೆ. ಹಾಸನದವರೆಗೆ ಅಗಲವಾದ ರಾಷ್ಟ್ರೀಯ ಹೆದ್ದಾರಿ 75 ಇದೆ, ದಾರಿಯುದ್ದಕ್ಕೂ ದೊಡ್ಡ ಆಸ್ಪತ್ರೆಗಳಿರುವ ಊರುಗಳು ಸಿಗುತ್ತವೆ, ಮತ್ತು ಬಯಲುಸೀಮೆಯ ಕಡೆಯಿಂದ ಬರುವುದರಿಂದ ಚಿಕ್ಕಮಗಳೂರು ಪಟ್ಟಣ ಮುಟ್ಟುವವರೆಗೆ ಒಂದು ಘಾಟಿಯನ್ನೂ ಹತ್ತಬೇಕಿಲ್ಲ. ಸಕಲೇಶಪುರಕ್ಕೋ ಕೊಡಗಿಗೋ ಹೋಗುವವರೂ ಇದೇ ಕ್ರಮವನ್ನು ಅನುಸರಿಸಬಹುದು.

ಹಂತ 1: ವೈದ್ಯರ ಮುಂದೆ ಕುಳಿತು ಕೇಳುವುದು

ಪ್ರವಾಸದ ಮಾತನ್ನು ಫೋನಿನಲ್ಲಿ ಮುಗಿಸಬೇಡಿ. ನಿಯಮಿತ ತಪಾಸಣೆಗೆ ಹೋದಾಗ ತಾಯಿ ಕಾರ್ಡ್ ಮತ್ತು ಸ್ಕ್ಯಾನ್ ವರದಿಗಳನ್ನು ಮುಂದಿಟ್ಟುಕೊಂಡು ಕೇಳಿ. ‘ಪ್ರಯಾಣ ಮಾಡಬಹುದೇ’ ಎಂದಷ್ಟೇ ಕೇಳಿದರೆ ‘ನಿಧಾನವಾಗಿ ಹೋಗಿಬನ್ನಿ’ ಎಂಬ ಸಾಮಾನ್ಯ ಉತ್ತರ ಬರುತ್ತದೆ. ದಿನಕ್ಕೆ ಎಷ್ಟು ಗಂಟೆ ಕಾರಿನಲ್ಲಿರುತ್ತೀರಿ, ಯಾವ ಊರಿನಲ್ಲಿ ತಂಗುತ್ತೀರಿ, ಅಲ್ಲಿಂದ ಆಸ್ಪತ್ರೆ ಎಷ್ಟು ದೂರ, ಎಷ್ಟನೇ ವಾರದಲ್ಲಿ ಹೊರಡುತ್ತೀರಿ ಎಂಬುದನ್ನು ಹೇಳಿ ಕೇಳಿದಾಗ ಮಾತ್ರ ನಿಮಗೇ ಅನ್ವಯಿಸುವ ಸಲಹೆ ಸಿಗುತ್ತದೆ.

ಕೆಲವು ಸ್ಥಿತಿಗಳಲ್ಲಿ ಈ ಪ್ರವಾಸವನ್ನು ಬಿಟ್ಟುಬಿಡುವುದೇ ಸರಿ. ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡು ಕೆಳಗೆ ಕುಳಿತಿರುವುದು, ಈ ಬಸುರಿನಲ್ಲಿ ರಕ್ತಸ್ರಾವ ಕಾಣಿಸಿಕೊಂಡಿರುವುದು, ಗರ್ಭಕಂಠ ಚಿಕ್ಕದಾಗಿದೆ ಎಂದು ಹೊಲಿಗೆ ಹಾಕಿರುವುದು, ಹಿಂದೆ ಅವಧಿಗೆ ಮುನ್ನ ಹೆರಿಗೆಯಾಗಿರುವುದು, ರಕ್ತದೊತ್ತಡ ಹತೋಟಿಗೆ ಬಾರದಿರುವುದು, ತೀವ್ರ ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ವೈದ್ಯರು ಸ್ಪಷ್ಟವಾಗಿ ಒಪ್ಪದ ಹೊರತು ಹೊರಡಬೇಡಿ. ಅವಳಿ ಮಕ್ಕಳಿದ್ದರೆ ಸುರಕ್ಷಿತ ಅವಧಿ ಇನ್ನಷ್ಟು ಕಿರಿದಾಗುತ್ತದೆ. ಹೊರಗಿನಿಂದ ನೋಡಲು ಚೆನ್ನಾಗಿಯೇ ಇದ್ದಾಳೆ ಎಂಬ ಕಾರಣಕ್ಕೆ ಮನೆಯವರು ಈ ಸಂಗತಿಗಳನ್ನು ಹಗುರವಾಗಿ ತೆಗೆದುಕೊಳ್ಳುವುದುಂಟು. ಮಾಸು ಕೆಳಗಿರುವ ಗರ್ಭಿಣಿಗೆ ರಕ್ತಸ್ರಾವ ಶುರುವಾಗುವ ಕ್ಷಣದವರೆಗೂ ನೋವಾಗಲಿ ಆಯಾಸವಾಗಲಿ ಇರದಿರಬಹುದು ಎಂಬುದನ್ನು ಅವರು ತಿಳಿದಿರಬೇಕು.

ಅದೇ ಭೇಟಿಯಲ್ಲಿ ಇನ್ನೂ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ವಾಂತಿಗೆ ಯಾವ ಮಾತ್ರೆ, ಜ್ವರ ಅಥವಾ ತಲೆನೋವಿಗೆ ಯಾವುದು, ಭೇದಿಯಾದರೆ ಏನು ಮಾಡಬೇಕು, ಕಾಲಿಗೆ ಬಿಗಿ ಕಾಲುಚೀಲ ಬೇಕೇ. ರಕ್ತದ ಗುಂಪು ನೆಗೆಟಿವ್ ಇರುವವರು, ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆ್ಯಂಟಿ-ಡಿ ಚುಚ್ಚುಮದ್ದಿನ ಬಗ್ಗೆಯೂ ವಿಚಾರಿಸಬೇಕು, ಏಕೆಂದರೆ ದಾರಿಯಲ್ಲಿ ಹೊಟ್ಟೆಗೆ ಪೆಟ್ಟಾದರೆ ಅಥವಾ ರಕ್ತ ಕಾಣಿಸಿದರೆ ಅದು ಬೇಗನೆ ಬೇಕಾಗುತ್ತದೆ.

ಹಂತ 2: ವಾರವನ್ನು ಗೊತ್ತುಮಾಡಿಕೊಳ್ಳುವುದು

ಲೆಕ್ಕವನ್ನು ವಾರಗಳಲ್ಲೇ ಇಡಿ. ‘ಐದು ತಿಂಗಳು’ ಎಂದರೆ ಕೆಲವರಿಗೆ ಐದು ತುಂಬಿದೆ, ಕೆಲವರಿಗೆ ಐದು ನಡೆಯುತ್ತಿದೆ. ಈ ಗೊಂದಲದಲ್ಲಿ ಒಂದು ತಿಂಗಳೇ ಆಚೀಚೆಯಾಗುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದ ವಾರ, ಅಥವಾ ಮೊದಲ ಸ್ಕ್ಯಾನ್‌ನಲ್ಲಿ ಬರೆದ ಹೆರಿಗೆಯ ದಿನಾಂಕ, ಇವೇ ಆಧಾರವಾಗಲಿ.

ಸಾಮಾನ್ಯವಾಗಿ 14ರಿಂದ 28 ವಾರಗಳ ನಡುವಿನ ಅವಧಿ ಪ್ರಯಾಣಕ್ಕೆ ಹಿತಕರ. ಆ ಹೊತ್ತಿಗೆ ಬಹುಪಾಲು ಹೆಂಗಸರಲ್ಲಿ ವಾಕರಿಕೆ ಇಳಿದಿರುತ್ತದೆ, ಗರ್ಭಪಾತದ ಭಯ ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಅಷ್ಟು ಭಾರವಾಗಿರುವುದಿಲ್ಲ. ಈ ಅವಧಿಯಲ್ಲೂ 20ರಿಂದ 26ನೇ ವಾರವನ್ನು ಆರಿಸಿಕೊಳ್ಳುವುದು ಲೇಸು. ಮಗುವಿನ ಅಂಗಾಂಗಗಳನ್ನು ನೋಡುವ ಸ್ಕ್ಯಾನ್ 18ರಿಂದ 20ನೇ ವಾರದ ಆಸುಪಾಸಿನಲ್ಲಿ ಆಗುತ್ತದೆ, ಮಾಸು ಎಲ್ಲಿದೆ ಎಂಬುದು ಅದರಲ್ಲಿ ತಿಳಿಯುತ್ತದೆ. ಈ ವರದಿ ಕೈಗೆ ಬರುವ ಮೊದಲು ವಸತಿ ಬುಕ್ ಮಾಡಬೇಡಿ. ಸಕ್ಕರೆ ಪರೀಕ್ಷೆ 24ರಿಂದ 28ನೇ ವಾರದೊಳಗೆ ನಡೆಯುವುದರಿಂದ ಆ ದಿನವೂ ಪ್ರವಾಸದ ನಡುವೆ ಬೀಳದಂತೆ ನೋಡಿಕೊಳ್ಳಿ.

ನಮ್ಮ ಮನೆಗಳಲ್ಲಿ ಏಳನೇ ತಿಂಗಳ ಸೀಮಂತ, ಅದಾದ ಮೇಲೆ ತವರಿಗೆ ಹೋಗುವ ಪ್ರಯಾಣ ಇವೆರಡೂ ಇರುತ್ತವೆ. ತವರು ಕಲಬುರಗಿಯಲ್ಲೋ ಶಿರಸಿಯಲ್ಲೋ ಇದ್ದರೆ ಅದೇ ಒಂದು ದೊಡ್ಡ ಪ್ರಯಾಣ. ಪ್ರವಾಸ, ಸೀಮಂತ, ತವರಿನ ಪ್ರಯಾಣ ಮೂರೂ ಬೆನ್ನುಬೆನ್ನಿಗೆ ಬಂದರೆ ದೇಹಕ್ಕೆ ಸುಧಾರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಪ್ರವಾಸಕ್ಕೂ ಸೀಮಂತಕ್ಕೂ ನಡುವೆ ಎರಡು ಮೂರು ವಾರಗಳ ಬಿಡುವಿರಲಿ.

ಇನ್ನು ಋತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಹಸಿರು ಕಣ್ಣು ತುಂಬುತ್ತದೆ ನಿಜ, ಆದರೆ ಮರ ಬೀಳುವುದು, ಗುಡ್ಡ ಕುಸಿಯುವುದು, ಕರೆಂಟು ಹೋಗುವುದು, ಮೆಟ್ಟಿಲು ಜಾರುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಗರ್ಭಿಣಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲವೇ ಸೂಕ್ತ. ಅದರಲ್ಲೂ ದಸರಾ, ದೀಪಾವಳಿ, ಡಿಸೆಂಬರ್ ಕೊನೆಯ ವಾರ ಮತ್ತು ಶನಿವಾರ ಭಾನುವಾರಗಳನ್ನು ಬಿಡಿ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ದಿನಗಳಲ್ಲಿ ಚಿಕ್ಕಮಗಳೂರಿನ ಗಿರಿಶ್ರೇಣಿಗೆ ಪ್ರವಾಸಿಗರ ಪ್ರವೇಶ ನಿರ್ಬಂಧಿಸಿ ಬಂದೋಬಸ್ತ್ ಮಾಡುತ್ತಾರೆ. ಆ ದಿನಾಂಕಗಳನ್ನು ಮೊದಲೇ ನೋಡಿಕೊಳ್ಳಿ.

ಹಂತ 3: ಆಸ್ಪತ್ರೆಗಳ ಪಟ್ಟಿ ಮಾಡುವುದು

ದಾರಿಯ ನಕ್ಷೆಯ ಮೇಲೆ ಮೊದಲು ಗುರುತು ಹಾಕಬೇಕಾದುದು ಆಸ್ಪತ್ರೆಗಳನ್ನು. ಈ ಮಾರ್ಗದಲ್ಲಿ ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ಹಾಸನದಲ್ಲಿ ಹಾಸನ ವೈದ್ಯಕೀಯ ವಿಜ್ಞಾನ ಸಂಸ್ಥೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾಸ್ಪತ್ರೆ ಇವೆ. ಕುಣಿಗಲ್, ಚನ್ನರಾಯಪಟ್ಟಣ, ಬೇಲೂರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಇವುಗಳ ಜೊತೆಗೆ ಹಾಸನ ಮತ್ತು ಚಿಕ್ಕಮಗಳೂರಿನಲ್ಲಿ ತಲಾ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯನ್ನೂ ಗುರುತಿಸಿಕೊಳ್ಳಿ.

ಹೆಸರು ಬರೆದುಕೊಂಡರೆ ಕೆಲಸ ಮುಗಿಯುವುದಿಲ್ಲ, ಫೋನ್ ಮಾಡಿ ಮೂರು ವಿಷಯ ಕೇಳಬೇಕು. ರಾತ್ರಿ ವೇಳೆ ಸ್ತ್ರೀರೋಗ ತಜ್ಞರು ಇರುತ್ತಾರೆಯೇ, ಬೇರೆ ಕಡೆ ತೋರಿಸಿಕೊಳ್ಳುತ್ತಿರುವ ಗರ್ಭಿಣಿಯನ್ನು ತುರ್ತಿನಲ್ಲಿ ದಾಖಲಿಸಿಕೊಳ್ಳುತ್ತಾರೆಯೇ, ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಎನ್‌ಐಸಿಯು ಇದೆಯೇ. 24 ವಾರ ದಾಟಿದವರಿಗೆ ಈ ಮೂರನೆಯ ಪ್ರಶ್ನೆ ಬಹಳ ಮುಖ್ಯ. ನಕ್ಷೆಯಲ್ಲಿ ‘ನರ್ಸಿಂಗ್ ಹೋಂ’ ಎಂದು ಕಾಣುವ ಎಷ್ಟೋ ಕಡೆ ಸಂಜೆಯ ಮೇಲೆ ಬಾಗಿಲು ಹಾಕಿರುತ್ತದೆ.

ಆಂಬುಲೆನ್ಸಿಗೆ 108, ಪೊಲೀಸ್ ಸೇರಿದಂತೆ ಎಲ್ಲ ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033. ಈ ಸಂಖ್ಯೆಗಳನ್ನು ಆಸ್ಪತ್ರೆಗಳ ಸಂಖ್ಯೆಯೊಂದಿಗೆ ಒಂದು ಹಾಳೆಯಲ್ಲಿ ಬರೆದು ಕಾರಿನಲ್ಲಿಡಿ. ಮೊಬೈಲಿನ ಚಾರ್ಜು ಮುಗಿದಾಗ ಕೆಲಸಕ್ಕೆ ಬರುವುದು ಆ ಹಾಳೆಯೇ.

ಹಂತ 4: ವಸತಿಯನ್ನು ಆರಿಸುವುದು

ಇಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ಸಾಮಾನ್ಯ. ಚಿತ್ರಗಳಲ್ಲಿ ಕಾಣುವ ಚೆಂದದ ಕಾಫಿ ಎಸ್ಟೇಟ್ ಹೋಂಸ್ಟೇಗಳಲ್ಲಿ ಅನೇಕವು ಡಾಂಬರು ರಸ್ತೆಯಿಂದ ಒಳಗೆ ಎರಡು ಮೂರು ಕಿಲೋಮೀಟರ್ ಮಣ್ಣಿನ ಹಾದಿಯಲ್ಲಿರುತ್ತವೆ. ಬೆಂಗಳೂರಿನಿಂದ 240 ಕಿಲೋಮೀಟರ್ ಸುಖವಾಗಿ ಬಂದ ಗರ್ಭಿಣಿಗೆ ಸೊಂಟ ಹಿಡಿದುಕೊಳ್ಳುವುದು ಆ ಕೊನೆಯ ಹಾದಿಯಲ್ಲಿ. ನಡುರಾತ್ರಿ ಆಸ್ಪತ್ರೆಗೆ ಹೊರಡಬೇಕಾಗಿ ಬಂದರೂ ಅದೇ ಹಾದಿಯನ್ನು ದಾಟಬೇಕು.

ಆದ್ದರಿಂದ ವಸತಿ ಚಿಕ್ಕಮಗಳೂರು ಪಟ್ಟಣದಿಂದ ಅರ್ಧ ಗಂಟೆಯೊಳಗಿನ ದಾರಿಯಲ್ಲಿರಲಿ. ಮಾಲೀಕರಿಗೆ ನೇರವಾಗಿ ಫೋನ್ ಮಾಡಿ, ಬರುವವರಲ್ಲಿ ಒಬ್ಬರು ಗರ್ಭಿಣಿ ಎಂದು ಮೊದಲೇ ತಿಳಿಸಿ ಕೇಳಿ: ಡಾಂಬರು ಮುಗಿದ ಮೇಲೆ ಎಷ್ಟು ದೂರ, ಸಣ್ಣ ಕಾರು ತಳ ತಾಗದೆ ಬರುತ್ತದೆಯೇ, ಕೋಣೆ ನೆಲಮಹಡಿಯಲ್ಲಿದೆಯೇ, ಕಮೋಡ್ ಇದೆಯೇ, ಬಚ್ಚಲಿನ ನೆಲ ಜಾರುತ್ತದೆಯೇ, ಯಾವ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆ, ಕರೆಂಟು ಹೋದರೆ ಏನು ವ್ಯವಸ್ಥೆ, ರಾತ್ರಿ ಅಗತ್ಯಬಿದ್ದರೆ ವಾಹನ ಮತ್ತು ದಾರಿ ಬಲ್ಲ ಚಾಲಕ ಸಿಗುತ್ತಾರೆಯೇ. ಮಲೆನಾಡಿನ ಮನೆಗಳವರು ಬಸುರಿ ಹೆಂಗಸು ಬರುತ್ತಾಳೆಂದರೆ ತಾವೇ ಮುಂದಾಗಿ ಅನುಕೂಲ ಮಾಡಿಕೊಡುತ್ತಾರೆ. ಆದರೆ ನೀವು ಹೇಳದ ಹೊರತು ಅವರಿಗೆ ತಿಳಿಯುವ ದಾರಿಯಿಲ್ಲ.

ಬುಕಿಂಗ್ ರದ್ದಾದರೆ ಹಣ ಮರಳುತ್ತದೆಯೇ ಎಂಬುದು ಕೊನೆಯ ಪ್ರಶ್ನೆ. ಮರಳದ ಹಣ ಜನರನ್ನು ಹೊರಡಬಾರದ ದಿನ ಹೊರಡಿಸುತ್ತದೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ರದ್ದುಗೊಳಿಸಲು ಅವಕಾಶವಿರುವ ವಸತಿಯನ್ನೇ ತೆಗೆದುಕೊಳ್ಳಿ.

ಹಂತ 5: ದಾರಿಯನ್ನು ದಿನಗಳಿಗೆ ಹಂಚುವುದು

ಬೆಂಗಳೂರಿನಿಂದ ಹಾಸನ ಸುಮಾರು 185 ಕಿಲೋಮೀಟರ್, ಅಲ್ಲಿಂದ ಬೇಲೂರಿನ ಮೂಲಕ ಚಿಕ್ಕಮಗಳೂರು ಸುಮಾರು 65 ಕಿಲೋಮೀಟರ್. ಒಂದೇ ದಿನದಲ್ಲಿ ಮುಟ್ಟಬಹುದಾದ ದೂರವೇ ಆದರೂ ಗರ್ಭಿಣಿ ಒಂದು ದಿನದಲ್ಲಿ ಐದಾರು ಗಂಟೆಗಿಂತ ಹೆಚ್ಚು ಕಾರಿನಲ್ಲಿ ಕೂರಬಾರದು. ನಗರದಿಂದ ಹೊರಬೀಳುವ ಸಮಯ, ನಿಲುಗಡೆಗಳು, ಊಟ ಎಲ್ಲ ಸೇರಿದರೆ ಈ ಮಿತಿ ಸುಲಭವಾಗಿ ಮೀರುತ್ತದೆ. ಆದ್ದರಿಂದ ಮೊದಲ ದಿನ ಹಾಸನದಲ್ಲಿ ತಂಗಿ. ಎರಡನೇ ದಿನ ಹಳೇಬೀಡು, ಬೇಲೂರು ನೋಡಿಕೊಂಡು ಮಧ್ಯಾಹ್ನದೊಳಗೆ ಚಿಕ್ಕಮಗಳೂರು ಸೇರಿ. ಹಳೇಬೀಡು ಮತ್ತು ಬೇಲೂರಿನ ನಡುವೆ 16 ಕಿಲೋಮೀಟರ್ ಅಷ್ಟೇ ಇರುವುದರಿಂದ ಅವಸರಕ್ಕೆ ಕಾರಣವಿಲ್ಲ. ಮೂರನೇ ದಿನವನ್ನು ಸಂಪೂರ್ಣ ವಿಶ್ರಾಂತಿಗೆ ಬಿಡಿ. ನಾಲ್ಕನೇ ದಿನ ಒಂದು ಚಿಕ್ಕ ಸುತ್ತಾಟ, ಐದನೇ ದಿನ ಮರುಪ್ರಯಾಣ. ಬರುವಾಗಲೂ ಇದೇ ಮಿತಿ ಇರುವುದರಿಂದ ಹಾಸನದಲ್ಲಿ ಒಂದು ರಾತ್ರಿ ಕಳೆಯಲು ರಜೆಯಲ್ಲಿ ಒಂದು ದಿನ ಉಳಿಸಿಕೊಂಡಿರಿ.

ಹೊರಡಲು ಬೆಳಿಗ್ಗೆ ಆರೂವರೆ ಏಳರ ಸಮಯ ಸರಿ. ಟ್ರಾಫಿಕ್ ತಪ್ಪಿಸಲೆಂದು ನಸುಕಿನ ನಾಲ್ಕಕ್ಕೆ ಹೊರಡುವವರಿದ್ದಾರೆ. ಚಾಲಕನಿಗೆ ನಿದ್ದೆ ಸಾಲದೆ, ಗರ್ಭಿಣಿ ಖಾಲಿ ಹೊಟ್ಟೆಯಲ್ಲಿ ಕುಳಿತು, ಡಿಸೆಂಬರ್ ಜನವರಿಯಲ್ಲಾದರೆ ಮಂಜಿನಲ್ಲಿ ಲಾರಿಗಳ ಹಿಂದೆ ಸಾಗುವ ಆ ಪ್ರಯಾಣದಿಂದ ಉಳಿಯುವ ಒಂದು ಗಂಟೆಗೆ ಬೆಲೆಯಿಲ್ಲ. ಮರಳುವಾಗ ಭಾನುವಾರ ಸಂಜೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗಿನ ದಟ್ಟಣೆಗೆ ಸಿಕ್ಕಿಕೊಳ್ಳಬೇಡಿ. ಶೌಚಾಲಯವಿಲ್ಲದೆ, ಇಳಿಯಲೂ ಆಗದೆ ಕೂರಬೇಕಾದ ಜಾಗ ಅದು.

ನಿಲುಗಡೆಗಳನ್ನು ಮೊದಲೇ ಗೊತ್ತುಮಾಡಿ. ಒಂದೂವರೆ, ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಬೇಕು. ಗರ್ಭಾವಸ್ಥೆಯಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚು, ಕಾಲು ಇಳಿಬಿಟ್ಟು ಅಲುಗಾಡದೆ ಕುಳಿತರೆ ಕಾಲಿನ ಒಳನರಗಳಲ್ಲಿ ಹೆಪ್ಪಾಗುವ ಅಪಾಯ ಇನ್ನೂ ಏರುತ್ತದೆ. ಕುಣಿಗಲ್ ಅಥವಾ ಯಡಿಯೂರಿನಲ್ಲಿ ತಿಂಡಿ, ಹಿರೀಸಾವೆ ಅಥವಾ ಚನ್ನರಾಯಪಟ್ಟಣದಲ್ಲಿ ಎರಡನೇ ನಿಲುಗಡೆ ಎಂದಿಟ್ಟುಕೊಂಡರೆ ಹಾಸನದಲ್ಲಿ ಮಧ್ಯಾಹ್ನದ ಊಟಕ್ಕೆ ಸರಿಹೋಗುತ್ತದೆ. ‘ಇನ್ನೊಂದು ಸ್ವಲ್ಪ ದೂರ, ಅಲ್ಲೇ ನಿಲ್ಲಿಸೋಣ’ ಎಂಬ ಮಾತನ್ನು ಕಾರು ಓಡಿಸುವವರು ಈ ಪ್ರವಾಸದ ಮಟ್ಟಿಗೆ ಬಿಟ್ಟುಬಿಡಬೇಕು.

ಮಂಗಳೂರು, ಉಡುಪಿ ಕಡೆಯಿಂದ ಬರುವವರಿಗೆ ಘಾಟಿ ತಪ್ಪಿದ್ದಲ್ಲ. ಚಾರ್ಮಾಡಿಯನ್ನಾಗಲಿ ಆಗುಂಬೆಯನ್ನಾಗಲಿ ಮಳೆಯಿಲ್ಲದ ದಿನ, ಹಗಲಿನಲ್ಲಿ, ಹತ್ತುವ ಮೊದಲು ಅರ್ಧ ಗಂಟೆ ವಿಶ್ರಾಂತಿ ಪಡೆದು ಹತ್ತಿ.

ಹಂತ 6: ಕಾರು, ಆಸನ ಮತ್ತು ಸೀಟ್ ಬೆಲ್ಟ್

ಈ ಇಡೀ ಬರಹದಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಬೆಲ್ಟ್ ಹಾಕಿದರೆ ಮಗುವಿಗೆ ಒತ್ತುತ್ತದೆ ಎಂಬ ತಪ್ಪು ನಂಬಿಕೆಯಿಂದ ನಮ್ಮಲ್ಲಿ ಗರ್ಭಿಣಿಯನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಬೆಲ್ಟ್ ಇಲ್ಲದೆ ಮಲಗಿಸುತ್ತಾರೆ. ಕಾರು ಏಕಾಏಕಿ ನಿಂತಾಗ ಮಲಗಿದ್ದವರು ಮುಂದಿನ ಸೀಟಿಗೆ ಹೊಟ್ಟೆ ಬಡಿದು ಬೀಳುತ್ತಾರೆ. ಹೊಟ್ಟೆಗೆ ಬಿದ್ದ ಪೆಟ್ಟಿನಿಂದ ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಂಡರೆ ತಾಯಿ ಮಗು ಇಬ್ಬರಿಗೂ ಜೀವಾಪಾಯ. ಮಗುವನ್ನು ಕಾಪಾಡುವುದು ತಾಯಿಯನ್ನು ಸೀಟಿನಲ್ಲಿ ಹಿಡಿದಿಡುವ ಬೆಲ್ಟ್.

ಹಾಕುವ ರೀತಿ ಹೀಗೆ. ಮೊದಲು ನೆಟ್ಟಗೆ, ಬೆನ್ನು ಸೀಟಿಗೆ ಒರಗುವಂತೆ ಕುಳಿತುಕೊಳ್ಳಿ. ಕೆಳಗಿನ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ತೊಡೆಯ ಸಂದಿನ ಮೇಲೆ, ಸೊಂಟದ ಎರಡೂ ಮೂಳೆಗಳಿಗೆ ತಾಗಿಕೊಂಡು ಹಾಯಬೇಕು. ಹೊಟ್ಟೆಯ ಮೇಲೆ ಅಥವಾ ಹೊಕ್ಕುಳಿನ ನೇರಕ್ಕೆ ಅದು ಎಂದಿಗೂ ಬರಬಾರದು. ಮೇಲಿನ ಪಟ್ಟಿ ಹೆಗಲ ನಡುವಿನಿಂದ ಇಳಿದು, ಎರಡು ಸ್ತನಗಳ ನಡುವೆ ಹಾದು, ಹೊಟ್ಟೆಯ ಪಕ್ಕದಿಂದ ಹೋಗಬೇಕು. ಅದನ್ನು ಕಂಕುಳ ಕೆಳಗೆ ಅಥವಾ ಬೆನ್ನ ಹಿಂದೆ ತೂರಿಸಬೇಡಿ. ಕೊನೆಗೆ ಸಡಿಲವಿಲ್ಲದಂತೆ ಎಳೆದುಕೊಳ್ಳಿ. ದಪ್ಪ ಸ್ವೆಟರ್, ಶಾಲು, ದಿಂಬು ಇವು ಬೆಲ್ಟ್ ಮತ್ತು ದೇಹದ ನಡುವೆ ಇರಬಾರದು. ಸೀಟನ್ನು ಹಿಂದಕ್ಕೆ ಬಹಳ ಒರಗಿಸಿದರೆ ಅಪಘಾತದಲ್ಲಿ ದೇಹ ಬೆಲ್ಟಿನ ಕೆಳಗಿಂದ ಜಾರುತ್ತದೆ, ಆದ್ದರಿಂದ ಮಲಗಬೇಕೆನಿಸಿದರೆ ಕಾರು ನಿಲ್ಲಿಸಿ ಮಲಗಿ. ಸೊಂಟದ ಪಟ್ಟಿ ಮಾತ್ರ ಇರುವ ಹಿಂದಿನ ನಡುಸೀಟು ಗರ್ಭಿಣಿಗೆ ಬೇಡ.

ಏರ್‌ಬ್ಯಾಗನ್ನು ನಿಷ್ಕ್ರಿಯಗೊಳಿಸುವ ಅಗತ್ಯವಿಲ್ಲ. ಮುಂದಿನ ಸೀಟಿನಲ್ಲಿ ಕೂರುವುದಾದರೆ ಸೀಟನ್ನು ಹಿಂದಕ್ಕೆ ಸರಿಸಿ. ಸ್ವತಃ ಓಡಿಸುವವರು ಎದೆಯ ಮೂಳೆಗೂ ಸ್ಟೀರಿಂಗ್‌ಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರ ಉಳಿಸಿಕೊಂಡು, ಸ್ಟೀರಿಂಗ್ ಹೊಟ್ಟೆಯ ಕಡೆ ವಾಲದೆ ಎದೆಯ ಕಡೆ ಇರುವಂತೆ ಹೊಂದಿಸಿಕೊಳ್ಳಬೇಕು. ಅಷ್ಟು ಅಂತರ ಸಿಗದ ಹಂತಕ್ಕೆ ಹೊಟ್ಟೆ ಬೆಳೆದಿದ್ದರೆ ಓಡಿಸುವ ಕೆಲಸ ಬೇರೆಯವರದ್ದಾಗಲಿ.

ಈ ದಾರಿಯಲ್ಲಿ ದೇಹಕ್ಕೆ ಹೆಚ್ಚು ಕುಲುಕಾಟ ಕೊಡುವುದು ಹಾಸನ ದಾಟಿದ ಮೇಲೆ ಊರೂರ ಮುಂದೆ ಬರುವ ಹಂಪ್‌ಗಳು. ಎಷ್ಟೋ ಕಡೆ ಬಿಳಿ ಬಣ್ಣವೂ ಇರುವುದಿಲ್ಲ, ಫಲಕವೂ ಇರುವುದಿಲ್ಲ. ಮನೆ, ಶಾಲೆ, ಬಸ್ ನಿಲ್ದಾಣ ಕಾಣುತ್ತಿದ್ದಂತೆ ವೇಗ ತಗ್ಗಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಬಾಡಿಗೆ ಕಾರಾದರೆ ಚಾಲಕರಿಗೆ ಹೊರಡುವ ಮುನ್ನವೇ ವಿನಯದಿಂದ ವಿಷಯ ತಿಳಿಸಿ: ಹೆದ್ದಾರಿಯಲ್ಲಿ 80ರ ಒಳಗೆ, ಊರುಗಳಲ್ಲಿ 40ರ ಒಳಗೆ, ಕಡಿದಾದ ತಿರುವುಗಳಲ್ಲಿ ಓವರ್‌ಟೇಕ್ ಬೇಡ. ಟೈರಿನ ಗಾಳಿ, ಸ್ಟೆಪ್ನಿ, ಬ್ರೇಕು, ಎ.ಸಿ. ಇವನ್ನು ಹೊರಡುವುದಕ್ಕೆ ಒಂದು ವಾರ ಮೊದಲೇ ನೋಡಿಸಿ.

ಹಂತ 7: ಕೈಗೆ ಸಿಗುವಂತೆ ಇಡಬೇಕಾದ ಚೀಲ

ಎರಡು ಚೀಲ ಮಾಡಿಕೊಳ್ಳಿ. ಬಟ್ಟೆಯ ಚೀಲ ಡಿಕ್ಕಿಯಲ್ಲಿರಲಿ, ಔಷಧ ಮತ್ತು ಕಾಗದದ ಚೀಲ ಗರ್ಭಿಣಿಯ ಕೈಗೆಟುಕುವಂತಿರಲಿ.

ಕಾಗದಗಳಲ್ಲಿ ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ವರದಿಗಳು, ರಕ್ತದ ಗುಂಪು ಮತ್ತು ಹಿಮೋಗ್ಲೋಬಿನ್ ವರದಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ವಿಮೆಯ ಕಾರ್ಡ್ ಇರಬೇಕು. ಅಪರಿಚಿತ ಊರಿನ ವೈದ್ಯರಿಗೆ ನಿಮ್ಮ ಇತಿಹಾಸವನ್ನು ಒಂದು ನಿಮಿಷದಲ್ಲಿ ತಿಳಿಸುವುದು ಈ ಕಾಗದಗಳು. ಪ್ರತಿಯೊಂದರ ಫೋಟೊ ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ.

ಔಷಧಗಳಲ್ಲಿ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಪ್ರವಾಸದ ದಿನಗಳಿಗಿಂತ ನಾಲ್ಕು ದಿನ ಹೆಚ್ಚಿಗೆ ಇರಲಿ, ಮತ್ತು ಎರಡನ್ನೂ ಒಟ್ಟಿಗೆ ನುಂಗದೆ ಒಂದೆರಡು ಗಂಟೆ ಅಂತರವಿಡಿ. ವೈದ್ಯರು ಬರೆದ ವಾಂತಿ ಮಾತ್ರೆ, ಪ್ಯಾರಾಸಿಟಮಾಲ್, ಓ.ಆರ್.ಎಸ್. ಪೊಟ್ಟಣಗಳು, ಸೊಳ್ಳೆ ನಿವಾರಕ ಕ್ರೀಮ್ ಬೇಕು. ಸೊಂಟನೋವಿಗೆಂದು ಔಷಧಿ ಅಂಗಡಿಯಲ್ಲಿ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ತೆಗೆದುಕೊಳ್ಳಬೇಡಿ, 20 ವಾರ ದಾಟಿದ ಮೇಲಂತೂ ಅವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲವು. ರಕ್ತದೊತ್ತಡ ಅಥವಾ ಸಕ್ಕರೆ ಇರುವವರು ಅಳೆಯುವ ಯಂತ್ರವನ್ನು ಮರೆಯಬಾರದು. ಇನ್ಸುಲಿನ್ ಇದ್ದರೆ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಇವುಗಳ ಜೊತೆಗೆ ಸಾಬೂನು, ಟಿಶ್ಯೂ, ಸ್ಯಾನಿಟರಿ ಪ್ಯಾಡ್, ವಾಂತಿಗೆ ಗಟ್ಟಿ ಕವರುಗಳು, ಬೆನ್ನಿಗೆ ಒಂದು ಚಿಕ್ಕ ದಿಂಬು, ಜಾರದ ಚಪ್ಪಲಿ, ಟಾರ್ಚು.

ಹಂತ 8: ದಾರಿಯಲ್ಲಿ ನೀರು, ಊಟ, ಶೌಚಾಲಯ

ಹೆದ್ದಾರಿಯ ಶೌಚಾಲಯಗಳಿಗೆ ಹೆದರಿ ಹೆಂಗಸರು ಬೆಳಗ್ಗಿನಿಂದ ನೀರನ್ನೇ ಕುಡಿಯುವುದಿಲ್ಲ. ಇದರ ಪರಿಣಾಮ ಮೊದಲು ತಲೆನೋವಾಗಿ, ಸಂಜೆಗೆ ಹೊಟ್ಟೆ ಬಿಗಿಯಾಗಿ, ಎರಡು ದಿನದ ನಂತರ ಉರಿಮೂತ್ರವಾಗಿ ಕಾಣಿಸುತ್ತದೆ. ಮೂತ್ರದ ಸೋಂಕು ಬಲಿತರೆ ಅವಧಿಗೆ ಮುನ್ನ ನೋವು ಬರಲೂ ಕಾರಣವಾಗಬಲ್ಲದು. ನೀರನ್ನು ಬಿಡುವ ಬದಲು ಶೌಚಾಲಯವನ್ನು ಆರಿಸುವುದರಲ್ಲಿ ಜಾಣತನ ತೋರಿ. ತಿಂಡಿಗೆ ನಿಲ್ಲುವ ಹೋಟೆಲನ್ನು ರುಚಿಗಿಂತ ಶೌಚಾಲಯದ ಸ್ವಚ್ಛತೆ ನೋಡಿ ಆರಿಸಿ. ಹೆದ್ದಾರಿಯ ದೊಡ್ಡ ಹೋಟೆಲುಗಳು ಮತ್ತು ಕೆಲವು ಪೆಟ್ರೋಲ್ ಬಂಕ್‌ಗಳು ಇದಕ್ಕೆ ಸಾಕು. ಸುಸ್ತೆನಿಸುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಮೂತ್ರದ ಬಣ್ಣ ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಿರಿ.

ತಿನ್ನುವುದರಲ್ಲಿ ಬಿಸಿಯಾಗಿ ಕಣ್ಣೆದುರು ಬಂದದ್ದೇ ಒಳ್ಳೆಯದು: ಇಡ್ಲಿ, ಬಿಸಿ ದೋಸೆ, ಅನ್ನ ಸಾರು. ಹೆಚ್ಚಿಟ್ಟ ಹಣ್ಣು, ಹೊತ್ತಾದ ಚಟ್ನಿ, ಬೀದಿಬದಿಯ ಹಣ್ಣಿನ ರಸ, ಕಾಯಿಸದ ಹಾಲು ಬೇಡ. ಎಳನೀರನ್ನು ಕಾಯಿಯಿಂದಲೇ ಹೊಸ ಸ್ಟ್ರಾದಲ್ಲಿ ಕುಡಿಯಿರಿ. ಮಲೆನಾಡಿನಲ್ಲಿ ಹೋದಲ್ಲೆಲ್ಲ ಕಾಫಿ ಕೊಡುತ್ತಾರೆ. ಗರ್ಭಿಣಿಗೆ ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಮೀರಬಾರದು, ಎಂದರೆ ಎರಡು ಚಿಕ್ಕ ಲೋಟದ ಫಿಲ್ಟರ್ ಕಾಫಿಗೆ ನಿಲ್ಲಿಸಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ ಟೀ ಜೊತೆ ತೆಗೆದುಕೊಂಡರೆ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ.

ವಾಂತಿ ಬರುವವರು ಮುಂದಿನ ಸೀಟಿನಲ್ಲಿ ದೂರದ ದಾರಿಯನ್ನು ನೋಡುತ್ತ ಕೂರಬೇಕು, ಮೊಬೈಲ್ ನೋಡಬಾರದು. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವಷ್ಟೂ ಬೇಡ. ಶುಂಠಿ ಚೂರು, ನಿಂಬೆಹಣ್ಣಿನ ವಾಸನೆ ಕೆಲವರಿಗೆ ಹಿತ. ಮಾತ್ರೆಯನ್ನು ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ, ವೈದ್ಯರು ಹೇಳಿದ ಸಮಯಕ್ಕೆ ಮುಂಚಿತವಾಗಿ ತೆಗೆದುಕೊಳ್ಳಿ.

ಹಂತ 9: ಅಲ್ಲಿ ಏನು ನೋಡುವುದು, ಏನು ಬಿಡುವುದು

ಹಳೇಬೀಡು, ಬೇಲೂರು ನೋಡುವ ಎರಡನೇ ದಿನವೊಂದನ್ನು ಬಿಟ್ಟು, ದಿನಕ್ಕೆ ಒಂದು ಜಾಗ ಎಂಬ ನಿಯಮ ಇಟ್ಟುಕೊಳ್ಳಿ. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು ಎತ್ತರದ ಜಗತಿಯ (ಕಲ್ಲಿನ ಕಟ್ಟೆಯ) ಮೇಲಿದ್ದು, ಬರಿಗಾಲಿನಲ್ಲಿ ಮೆಟ್ಟಿಲು ಹತ್ತಬೇಕು. ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಒಳಗೆ ಬೆಳಕು ಕಡಿಮೆ, ನೆಲ ನುಣುಪು. ಬೆಳಿಗ್ಗೆ ಹತ್ತರೊಳಗೆ, ಒಬ್ಬರ ಕೈಹಿಡಿದು, ಕಾಲುಚೀಲ ತೊಟ್ಟಿದ್ದರೆ ತೆಗೆದು ಹತ್ತಿ. ಶ್ರವಣಬೆಳಗೊಳ ದಾರಿಗೆ ಹತ್ತಿರವಿದೆಯೆಂದು ಆಸೆಯಾಗುತ್ತದೆ, ಆದರೆ ವಿಂಧ್ಯಗಿರಿಯ ಬಂಡೆಯಲ್ಲಿ ಕಡೆದ ನೂರಾರು ಮೆಟ್ಟಿಲುಗಳನ್ನು ಈ ಸಲಕ್ಕೆ ಬಿಡಿ.

ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಆರೋಗ್ಯವಂತ ಗರ್ಭಿಣಿಗೆ ಆ ಎತ್ತರದಿಂದ ತೊಂದರೆಯಿಲ್ಲ. ಕಷ್ಟವಿರುವುದು ಕಿರಿದಾದ ರಸ್ತೆ, ಕಡಿದಾದ ತಿರುವುಗಳು ಮತ್ತು ಕೊನೆಯ ಮೆಟ್ಟಿಲುಗಳಲ್ಲಿ. ವಾರಾಂತ್ಯದಲ್ಲಿ ಆ ದಾರಿಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತಾಗ ಆಂಬುಲೆನ್ಸ್ ಮೇಲೆ ಬರಲೂ ಆಗುವುದಿಲ್ಲ, ನೀವು ಇಳಿಯಲೂ ಆಗುವುದಿಲ್ಲ. ಹೋಗಲೇಬೇಕೆನಿಸಿದರೆ ವಾರದ ನಡುವಿನ ದಿನ ಬೆಳಿಗ್ಗೆ ಕೈಮರ ಚೆಕ್‌ಪೋಸ್ಟ್ ದಾಟಿ ಸೀತಾಳಯ್ಯನಗಿರಿಯವರೆಗೆ ಹೋಗಿ, ಗಿರಿಸಾಲುಗಳನ್ನು ನೋಡಿಕೊಂಡು ಅಲ್ಲಿಂದಲೇ ಹಿಂತಿರುಗಿ. ಗಿರಿಗೆ ದಿನಕ್ಕೆ ಇಷ್ಟೇ ವಾಹನ ಎಂಬ ನಿರ್ಬಂಧ ಇರಬಹುದಾದ್ದರಿಂದ ಹೋಂಸ್ಟೇಯವರಲ್ಲಿ ಮೊದಲೇ ವಿಚಾರಿಸಿ.

ಪಟ್ಟಣಕ್ಕೆ ಹತ್ತಿರದ ಹಿರೇಕೊಳಲೆ ಕೆರೆ, ಸಖರಾಯಪಟ್ಟಣದ ಕಡೆಯ ಅಯ್ಯನಕೆರೆ, ಬೇಲೂರಿನ ಬಳಿಯ ಯಗಚಿ ಜಲಾಶಯ ಇವು ಕಾರು ನಿಲ್ಲಿಸಿ ಕುಳಿತು ನೋಡಬಹುದಾದ ಜಾಗಗಳು. ನನ್ನ ಎಣಿಕೆಯಲ್ಲಿ ಬಸುರಿ ಹೆಣ್ಣುಮಗಳಿಗೆ ಗಿರಿಯ ತುದಿಗಿಂತ ಹಿರೇಕೊಳಲೆಯ ಏರಿಯ ಮೇಲಿನ ಸಂಜೆ ಹೆಚ್ಚು ಹಿತ. ಸುತ್ತ ಅವೇ ಬೆಟ್ಟಗಳಿವೆ, ಮೆಟ್ಟಿಲಿಲ್ಲ.

ಜೀಪಿನಲ್ಲಿ ಗುಡ್ಡ ಹತ್ತಿಸುವ ಸವಾರಿಯನ್ನು ಯಾರು ಎಷ್ಟೇ ಒತ್ತಾಯಿಸಿದರೂ ಒಪ್ಪಬೇಡಿ. ಜಲಪಾತದ ಪಾಚಿ ಹಿಡಿದ ಬಂಡೆ, ಕುದುರೆ ಸವಾರಿ, ಬಿಸಿನೀರ ತೊಟ್ಟಿಯ ಸ್ನಾನ ಇವೂ ಬೇಡ. ತೋಟದೊಳಗೆ ನಡೆಯುವುದಾದರೆ ಉದ್ದ ಕಾಲಿನ ಬಟ್ಟೆ, ಕಾಲುಚೀಲ, ಶೂ ತೊಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಕಾಡುಗಳಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದರಿಂದ ಆ ಭಾಗದ ಕಾಡಿನೊಳಗೆ ಈ ಸಲ ಕಾಲಿಡದಿರುವುದೇ ಕ್ಷೇಮ. ಇಂಬಳ ಕಚ್ಚಿದರೆ ಗಾಬರಿ ಬೇಡ, ಉಗುರಿನಿಂದ ಮೆಲ್ಲಗೆ ಬಿಡಿಸಿ ತೊಳೆದುಕೊಂಡರೆ ಸಾಕು.

ಹಂತ 10: ಕಾರು ತಿರುಗಿಸಬೇಕಾದ ಅಪಾಯದ ಸೂಚನೆಗಳು

ಕೆಳಗಿನವುಗಳಲ್ಲಿ ಒಂದು ಕಂಡರೂ ಹೋಂಸ್ಟೇಗಾಗಲಿ ಬೆಂಗಳೂರಿಗಾಗಲಿ ಹೊರಡದೆ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ‘ನಮ್ಮ ಡಾಕ್ಟರಿಗೇ ತೋರಿಸೋಣ’ ಎಂದು ಮೂರು ನಾಲ್ಕು ಗಂಟೆ ಕಾರು ಓಡಿಸುವುದು ಜನ ಮಾಡುವ ಅತ್ಯಂತ ಅಪಾಯದ ತಪ್ಪು.

ರಕ್ತ ಎಷ್ಟೇ ಕಡಿಮೆ ಕಂಡರೂ ಅದು ತುರ್ತು. ತಡೆಯಲಾಗದಂತೆ ನೀರು ಸೋರುವುದು, ಒಂದು ಗಂಟೆಯೊಳಗೆ ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗಿ ಸಡಿಲವಾಗುವುದು, ಬಿಡದ ಹೊಟ್ಟೆನೋವು ಇವೂ ಹಾಗೆಯೇ. ಬಿಗಿತ ಬಂದಾಗ ಮೊದಲು ಕಾರು ನಿಲ್ಲಿಸಿ, ಎಡಮಗ್ಗುಲಲ್ಲಿ ಮಲಗಿ ನೀರು ಕುಡಿಯಿರಿ. ಅದು ಹಾಗೆಯೇ ಕಡಿಮೆಯಾಗಿ ನಿಂತರೆ ಸಾಮಾನ್ಯ ಬಿಗಿತ, ನಿಯಮಿತ ಅಂತರದಲ್ಲಿ ಬರುತ್ತಿದ್ದರೆ ಆಸ್ಪತ್ರೆ.

ತೀವ್ರ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚಿದಂತಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ಒಮ್ಮೆಲೇ ಊದಿಕೊಳ್ಳುವುದು ಇವು ರಕ್ತದೊತ್ತಡ ಏರಿರುವ ಗುರುತುಗಳು. ಯಂತ್ರದಲ್ಲಿ 140/90 ತೋರಿಸಿದರೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ, 160/110 ಮುಟ್ಟಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಸಂಜೆ ಎರಡೂ ಪಾದ ಸ್ವಲ್ಪ ಊದುವುದು ಸಹಜ. ಒಂದೇ ಕಾಲು ಊದಿ, ಕೆಂಪಾಗಿ, ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ಉಜ್ಜಬೇಡಿ. ಏದುಸಿರು, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. 100.4 ಡಿಗ್ರಿ ಮೀರಿದ ಜ್ವರ, ನೀರೂ ನಿಲ್ಲದ ವಾಂತಿ, ಉರಿಮೂತ್ರ ಇವಕ್ಕೆ ಅದೇ ದಿನ ತೋರಿಸಬೇಕು. ಮಗುವಿನ ಚಲನೆ ರೂಢಿಯಾದವರಿಗೆ ಅದು ಎಂದಿಗಿಂತ ಕಡಿಮೆಯೆನಿಸಿದರೆ ಬೆಳಗಾಗಲೆಂದು ಕಾಯಬಾರದು.

ಕಾರಿಗೆ ಹಿಂದಿನಿಂದ ಮೆಲ್ಲಗೆ ತಾಗಿದರೂ, ಗರ್ಭಿಣಿ ಬಚ್ಚಲಿನಲ್ಲಿ ಜಾರಿ ಬಿದ್ದರೂ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಮಾಸು ಕಳಚುವುದು ಕೆಲವೊಮ್ಮೆ ಕೆಲವು ಗಂಟೆಗಳ ನಂತರ ತಿಳಿಯುತ್ತದೆ, ಹಾಗಾಗಿ 24 ವಾರ ದಾಟಿದವರನ್ನು ವೈದ್ಯರು ಕನಿಷ್ಠ ನಾಲ್ಕು ಗಂಟೆ ಮಗುವಿನ ಹೃದಯಬಡಿತ ನೋಡುತ್ತ ಇರಿಸಿಕೊಳ್ಳುತ್ತಾರೆ. ‘ಏನೂ ಆಗಿಲ್ಲ, ಹೊರಡೋಣ’ ಎಂದು ನಡುವೆ ಎದ್ದು ಬರಬೇಡಿ.

ಹಂತ 11: ಮರಳಿದ ಮೇಲೆ

ಮನೆಗೆ ಬಂದ ಮರುದಿನ ಕಚೇರಿಗೂ ಮನೆಗೆಲಸಕ್ಕೂ ಬಿಡುವು ಕೊಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣಗಳು ಪ್ರಯಾಣ ಮುಗಿದು ಕೆಲವು ವಾರಗಳವರೆಗೂ ಕಾಣಿಸಿಕೊಳ್ಳಬಹುದಾದ್ದರಿಂದ ಒಂದು ಕಾಲಿನ ಊತವನ್ನು ಆಗಲೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮರಳಿದ ಎರಡು ವಾರದೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದ ವಿಷಯವನ್ನು, ತೋಟ ಕಾಡುಗಳಲ್ಲಿ ನಡೆದಿದ್ದರೆ ಅದನ್ನೂ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ನಡುವೆ ಎಲ್ಲಾದರೂ ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿನ ಚೀಟಿ, ಕೊಟ್ಟ ಚುಚ್ಚುಮದ್ದಿನ ವಿವರ ಮತ್ತು ದಿನಾಂಕವನ್ನು ತಾಯಿ ಕಾರ್ಡಿನೊಳಗೆ ಸೇರಿಸಿ, ಮುಂದಿನ ತಪಾಸಣೆಗೆ ಮರೆಯದೆ ಒಯ್ಯಿರಿ.